ಕಡ್ಲೆಯ ಮೂಲೆ

ಸರಸ್ವತಿಪುರಂ, ಮೈಸೂರು
೯ ಜೂನ್ ೨೦೨೪, ಭಾನುವಾರ

ಪೂಜ್ಯ ಚೂಡಾಮಣಿ ಅಮ್ಮನವರಿಗೆ,

ನಮಸ್ಕಾರಗಳು. ನಾನು ವಸಂತ್, ನಿಮ್ಮ ಮಗಳು ಸಮನ್ವಿತಾಳ ಗಂಡ. ಮದುವೆಯಾಗಿ ಆರು ವರ್ಷಕ್ಕೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಬೇರೆ ದಾರಿ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ನಿಮ್ಮ ಜಗಲಿಯ ಮೇಲಿಟ್ಟಿರುವ ಬುಟ್ಟಿಯಲ್ಲಿ ಒಂದು ಮೊಲ ಇದೆ. ಸಮನ್ವಿತಾ ಸಾಕಿದ್ದು. ಟ್ಯುಟೋರಿಯಲ್‌ನಲ್ಲಿ ಅವಳ ಹತ್ತಿರ ಲೆಕ್ಕ ಕಲಿಯುವ ಹುಡುಗಿಯೊಬ್ಬಳು ಫೆಬ್ರವರಿಯಲ್ಲಿ ಮರಿ ತಂದುಕೊಟ್ಟಳು. ಬಂದ ದಿನವೇ ಮನೆ ತುಂಬ ಕಡಲೆ ಚೆಲ್ಲಿದ ಹಾಗೆ ಹಿಕ್ಕೆ ಹಾಕಿತು, ಅದಕ್ಕೇ ಹೆಸರು ಕಡ್ಲೆ. ಈಗ ಸಮನ್ವಿತಾಗೆ ಮೈ ಸರಿಯಿಲ್ಲ. ಮನೆಯಲ್ಲಿ ಪ್ರಾಣಿ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಹದಿನೈದು ದಿನ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಒಣಹುಲ್ಲು ಒಂದು ಚೀಲ ಇದೆ. ಕೊತ್ತಂಬರಿ ಸೊಪ್ಪು, ಗರಿಕೆ ತಿನ್ನುತ್ತದೆ. ಅನ್ನ, ಬಿಸ್ಕತ್ತು ಕೊಡಬೇಡಿ. ಸ್ನಾನ ಮಾಡಿಸಬೇಡಿ, ಹೆದರಿಕೆಗೇ ಸತ್ತುಹೋಗಬಹುದು.

ನೀವು ಬುಟ್ಟಿ ಒಳಗೆ ತೆಗೆದುಕೊಳ್ಳುವ ತನಕ ಎದುರು ಬದಿಯ ಮರದ ಕೆಳಗೆ ನಿಂತಿರುತ್ತೇನೆ. ಹತ್ತಿರ ಬರುವುದಿಲ್ಲ.

ಇತಿ ನಮಸ್ಕಾರಗಳೊಂದಿಗೆ,
ವಸಂತ್


ಕೃಷ್ಣಮೂರ್ತಿಪುರಂ
೧೨ ಜೂನ್ ೨೦೨೪

ಶ್ರೀ ವಸಂತ್ ಅವರಿಗೆ,

ನೀವು ಬಿಟ್ಟುಹೋದ ಮೊಲ ಬದುಕಿದೆ. ಬುಟ್ಟಿಯನ್ನು ಒಳಗೆ ತಂದದ್ದು ಬೀದಿನಾಯಿಗಳಿಗೆ ಹೆದರಿ. ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಮೊದಲ ದಿನ ನಡುಮನೆಯಲ್ಲಿ. ಎರಡನೆಯ ದಿನ ನಮ್ಮ ಯಜಮಾನರು ಕೂರುತ್ತಿದ್ದ ಆರಾಮಕುರ್ಚಿಯ ಕೆಳಗೆ. ಈ ಬೆಳಿಗ್ಗೆ ದೇವರಮನೆಯ ಹೊಸ್ತಿಲ ಮೇಲೆ. ನನ್ನ ಜೊತೆಗಿರುವ ನಾದಿನಿ ಅಂಬುಜಮ್ಮ ಮಡಿಯಲ್ಲಿ ನೀರು ತರುವಾಗ ಹಿಕ್ಕೆ ತುಳಿದು ಒಂದೇ ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದರು. ನಾನು ಗದರಿಸಿದೆ. ಪೊರಕೆ ತೋರಿಸಿದೆ. ಅದು ನನ್ನ ಮುಖ ನೋಡುತ್ತಲೇ ಅಲ್ಲೇ ಉಚ್ಚೆ ಹೊಯ್ದಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟವಳು ನಾನು, ಇಷ್ಟು ಮೊಂಡು ವಿದ್ಯಾರ್ಥಿಯನ್ನು ಕಂಡಿಲ್ಲ.

ಭಾನುವಾರ ಬಂದು ತೆಗೆದುಕೊಂಡು ಹೋಗಿ. ಫೋನು ಮಾಡಬೇಡಿ. ನಿಮ್ಮ ದನಿ ಕೇಳಿದರೆ ನಾನು ಏನಾದರೂ ಅಂದುಬಿಡುತ್ತೇನೆ. ಹೇಳುವುದಿದ್ದರೆ ಬರೆದು ಗೇಟಿನ ಡಬ್ಬಿಯಲ್ಲಿ ಹಾಕಿ.

ಮನೆಯಲ್ಲಿ ಪ್ರಾಣಿ ಬೇಡವೆಂದು ಡಾಕ್ಟರು ಎಂಥ ಹೆಂಗಸಿಗೆ ಹೇಳುತ್ತಾರೆ ಎಂಬುದು ನನಗೂ ತಿಳಿಯುತ್ತದೆ. ನಾನೂ ಒಂದು ಹೆತ್ತವಳೇ. ಎಷ್ಟು ತಿಂಗಳು ಎಂದು ನಾನು ಕೇಳುತ್ತಿಲ್ಲ.

ಇತಿ,
ಚೂಡಾಮಣಿ ಲಕ್ಷ್ಮೀನರಸಿಂಹ


ಸರಸ್ವತಿಪುರಂ
೧೬ ಜೂನ್ ೨೦೨೪

ಅಮ್ಮನವರಿಗೆ ನಮಸ್ಕಾರಗಳು.

ಈ ಭಾನುವಾರ ಕರೆದುಕೊಂಡು ಹೋಗಲು ಆಗುತ್ತಿಲ್ಲ, ಕ್ಷಮಿಸಿ. ಹುಲ್ಲು ತಂದಿದ್ದೇನೆ. ನೀವು ಕೊನೆಯಲ್ಲಿ ಬರೆದ ಮಾತಿಗೆ ಇನ್ನೊಂದು ದಿನ ಉತ್ತರ ಬರೆಯುತ್ತೇನೆ.

ಕಡ್ಲೆಗೆ ನಮ್ಮ ಮನೆಯಲ್ಲಿ ಒಂದೇ ಕಡೆ ಹೋಗುವುದು ಅಭ್ಯಾಸವಾಗಿತ್ತು. ಜಾಗ ಬದಲಾದರೆ ಮೊಲಗಳು ಕಲಿತದ್ದು ಮರೆಯುತ್ತವಂತೆ, ಮೊದಲಿಂದ ಶುರು ಮಾಡಬೇಕು. ಸಮನ್ವಿತಾ ಹೇಗೆ ಮಾಡಿದಳು ಅನ್ನುವುದನ್ನು ನೋಡಿದ ಹಾಗೆ ಬರೆಯುತ್ತೇನೆ.

ಇಡೀ ಮನೆ ಬಿಡಬೇಡಿ. ಒಂದು ಸಣ್ಣ ಕೋಣೆಯಲ್ಲಿ ಇಡಿ. ಅದು ತಾನಾಗಿ ಒಂದು ಮೂಲೆ ಹಿಡಿಯುತ್ತದೆ. ನಮಗೆ ಬೇಕಾದ ಮೂಲೆ ಅಲ್ಲ, ಅದಕ್ಕೆ ಬೇಕಾದ್ದು. ಆ ಮೂಲೆಯಲ್ಲೇ ಅಗಲವಾದ ಪ್ಲಾಸ್ಟಿಕ್ ಟ್ರೇ ಇಡಿ. ತಳಕ್ಕೆ ಹಳೇ ಪೇಪರು, ಮೇಲೆ ಹುಲ್ಲು. ತಿನ್ನುವ ಹುಲ್ಲನ್ನೂ ಟ್ರೇ ಪಕ್ಕಕ್ಕೇ ಕಟ್ಟಿ, ಏಕೆಂದರೆ ಇವು ತಿನ್ನುತ್ತಾ ತಿನ್ನುತ್ತಾನೇ ಹಿಕ್ಕೆ ಹಾಕುತ್ತವೆ. ಬೇರೆ ಕಡೆ ಹಾಕಿದ ಹಿಕ್ಕೆಯನ್ನು ಆಯ್ದು ಟ್ರೇಗೆ ಹಾಕಬೇಕು. ಉಚ್ಚೆ ಒರೆಸಿದ ಕಾಗದವನ್ನೂ ಅಲ್ಲೇ ಇಡಬೇಕು, ವಾಸನೆ ಹಿಡಿದು ಬರುತ್ತದೆ. ನೆಲಕ್ಕೆ ವಿನಿಗರ್ ಬೆರೆಸಿದ ನೀರು ಹಾಕಿ ಒರೆಸಿ.

ಗದರಿಸಬೇಡಿ. ಗದರಿಸಿದರೆ ಅದಕ್ಕೆ ತಪ್ಪು ತಿಳಿಯುವುದಿಲ್ಲ, ನಿಮ್ಮನ್ನು ಕಂಡರೆ ಹೆದರುವುದು ಮಾತ್ರ ಕಲಿಯುತ್ತದೆ. ಇದು ಸಮನ್ವಿತಾ ನನಗೆ ಹೇಳಿದ ಮಾತು.

ಇತಿ,
ವಸಂತ್


ಕೃಷ್ಣಮೂರ್ತಿಪುರಂ
೨೭ ಜೂನ್ ೨೦೨೪

ಶ್ರೀ ವಸಂತ್ ಅವರಿಗೆ,

ಇದನ್ನು ಅವಸರದಲ್ಲಿ ಬರೆದು ಆಟೋದವನ ಕೈಯಲ್ಲಿ ಕಳಿಸುತ್ತಿದ್ದೇನೆ, ಬೇಗ ಉತ್ತರ ಬೇಕು.

ಸಣ್ಣ ಕೋಣೆ ಎಂದಿರಿ. ಈ ಮನೆಯಲ್ಲಿ ಇರುವುದು ಒಂದೇ, ಅವಳದು. ಆರು ವರ್ಷದಿಂದ ನಾನು ಅದನ್ನು ಉಗ್ರಾಣ ಮಾಡಿಕೊಂಡಿದ್ದೆ. ಹಳೆಯ ಪೇಪರು, ಒಡೆದ ಒಲೆ, ಯಜಮಾನರ ಬಟ್ಟೆಯ ಪೆಟ್ಟಿಗೆ. ಎಲ್ಲ ಹೊರಗೆ ಹಾಕಿಸಿ ಗುಡಿಸಲು ಎರಡು ದಿನ ಹಿಡಿಯಿತು. ಮೊಲ ಕಿಟಕಿಯ ಕೆಳಗಿನ ಮೂಲೆ ಹಿಡಿದಿದೆ. ಅವಳ ಮೇಜು ಇದ್ದ ಜಾಗ. ಟ್ರೇ ಅಲ್ಲೇ ಇಟ್ಟಿದ್ದೇನೆ. ಹತ್ತು ಸಲಕ್ಕೆ ಆರು ಸಲ ಟ್ರೇಯಲ್ಲೇ. ನಾನು ಗದರಿಸುತ್ತಿಲ್ಲ. ಅಂಬುಜಮ್ಮನಂತೂ ದೇವರಿಗೆ ತಂದ ಗರಿಕೆಯಲ್ಲಿ ಅದಕ್ಕೂ ಒಂದು ಪಾಲು ಎತ್ತಿಡುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ.

ಆದರೆ ನಿನ್ನೆಯಿಂದ ಉಚ್ಚೆ ಕೆಂಪಗಿದೆ. ಟ್ರೇಯ ಕಾಗದವೆಲ್ಲ ರಕ್ತದ ಬಣ್ಣ. ನನ್ನ ವಶದಲ್ಲಿರುವಾಗ ಅದಕ್ಕೇನಾದರೂ ಆದರೆ ಅವಳ ಸ್ಥಿತಿಯಲ್ಲಿ ಅದನ್ನು ಕೇಳಬಾರದು. ಏನು ಮಾಡಲಿ? ಮೊದಲ ತಿಂಗಳುಗಳಲ್ಲಿ ಮನಸ್ಸು ಗಟ್ಟಿಯಿರಬೇಕು. ಅವಳು ಹಾಲು ಕುಡಿಯುತ್ತಾಳೆಯೇ? ಚಿಕ್ಕವಳಿದ್ದಾಗ ಮೂಗು ಹಿಡಿದು ಕುಡಿಸಬೇಕಾಗಿತ್ತು.

ಇತಿ,
ಚೂಡಾಮಣಿ


ಸರಸ್ವತಿಪುರಂ
೨೮ ಜೂನ್ ೨೦೨೪

ಅಮ್ಮನವರಿಗೆ,

ಅದು ರಕ್ತವಲ್ಲ. ಹೆದರಬೇಡಿ. ಕೆಲವು ಸೊಪ್ಪು ತಿಂದಾಗ ಮೊಲದ ಉಚ್ಚೆ ಕೆಂಪಾಗುತ್ತದೆ, ಎರಡು ದಿನಕ್ಕೆ ಸರಿಹೋಗುತ್ತದೆ. ನಾವೂ ಮೊದಲ ಸಲ ಹೆದರಿ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದ್ದೆವು.

ಇನ್ನು ನಿಮ್ಮ ಇನ್ನೊಂದು ಮಾತು. ನೀವು ತಿಳಿದಿರುವುದು ತಪ್ಪು ಅಂತ ನನಗೆ ಮೊದಲ ಕಾಗದದಲ್ಲೇ ಗೊತ್ತಾಯಿತು. ಆಗಲೇ ಹೇಳಬೇಕಿತ್ತು, ಕೈ ಬರಲಿಲ್ಲ. ಹಾಲು ಕುಡಿಯುತ್ತಾಳೆಯೇ ಅಂತ ಕೇಳಿದ್ದೀರಿ. ಇನ್ನು ಮುಚ್ಚಿಟ್ಟರೆ ಪಾಪ.

ಸಮನ್ವಿತಾ ಬಸುರಿಯಲ್ಲ. ಮೇ ಕೊನೆಯಲ್ಲಿ ಜ್ವರ ಬಂತು, ಮೈಮೇಲೆ ನೀಲಿ ಗುರುತು, ವಸಡಿನಲ್ಲಿ ರಕ್ತ. ಜೂನ್ ಮೂರಕ್ಕೆ ರಕ್ತದ ಕ್ಯಾನ್ಸರ್ ಅಂತ ಹೇಳಿದರು. ಆರರಿಂದ ಆಸ್ಪತ್ರೆಯಲ್ಲಿದ್ದಾಳೆ, ಇಲ್ಲೇ ಮೈಸೂರಿನಲ್ಲಿ. ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ. ಔಷಧಿಗೆ ಮೈಯ ಶಕ್ತಿಯೆಲ್ಲ ಇಳಿದುಹೋಗಿದೆ. ಒಂದು ಸಣ್ಣ ಸೋಂಕು ತಗುಲಿದರೂ ಕಷ್ಟ. ಅದಕ್ಕೇ ಪ್ರಾಣಿ ಬೇಡ ಅಂದದ್ದು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಕಡ್ಲೆಯನ್ನು ಇಟ್ಟುಕೊಳ್ಳಲು ನನ್ನ ಸ್ನೇಹಿತ ಪ್ರಭುಸ್ವಾಮಿ ತಯಾರಿದ್ದ. ಸಮನ್ವಿತಾ ಈಗಲೂ ಅದು ಅವನ ಮನೆಯಲ್ಲೇ ಇದೆ ಅಂದುಕೊಂಡಿದ್ದಾಳೆ. ನಿಮ್ಮ ಜಗಲಿಯಲ್ಲಿ ಬಿಟ್ಟದ್ದು ಬೇಕೆಂದೇ. ನಿಮಗೆ ತಿಳಿಸಬೇಡ ಅಂತ ಅವಳು ಆಣೆ ಹಾಕಿಸಿದ್ದಳು. ತಿಳಿಸದೇ ಇರಲು ನನಗೆ ಆಗಲಿಲ್ಲ.

ವಸಂತ್


ಕೃಷ್ಣಮೂರ್ತಿಪುರಂ
೨ ಜುಲೈ ೨೦೨೪

ವಸಂತ್ ಅವರಿಗೆ,

ನಿಮ್ಮ ಕಾಗದ ಓದಿದ ಮಾರನೆಯ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ಮೂರನೆಯ ಮಹಡಿಯ ತನಕ ಹತ್ತಿದೆ. ಕಾರಿಡಾರಿನ ಬೆಂಚಿನ ಮೇಲೆ ನೀವು ಗೋಡೆಗೆ ತಲೆಯಿಟ್ಟು ಕೂತಲ್ಲೇ ನಿದ್ದೆ ಹೋಗಿದ್ದಿರಿ. ಪಕ್ಕದಲ್ಲಿ ನಿಮ್ಮ ತಾಯಿ ಮುದ್ದಮ್ಮನವರು ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ನನ್ನನ್ನು ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ನಾನು ನಿಲ್ಲಲಾರದೆ ಇಳಿದು ಬಂದೆ.

ಅವಳನ್ನು ಕೇಳಿ. ನಾನು ಬರಬಹುದೇ?

ಮೊಲ ಚೆನ್ನಾಗಿದೆ. ಉಚ್ಚೆ ತಿಳಿಯಾಗಿದೆ.

ಚೂಡಾಮಣಿ


ಸರಸ್ವತಿಪುರಂ
೧೪ ಜುಲೈ ೨೦೨೪

ಅಮ್ಮನವರಿಗೆ,

ತಡವಾಯಿತು. ಹತ್ತು ದಿನ ಅವಳಿಗೆ ಜ್ವರ ಬಿಡಲಿಲ್ಲ. ನಾನೂ ಅವ್ವನೂ ಮನೆ ಕಂಡಿಲ್ಲ. ಈಗ ಇಳಿದಿದೆ.

ನಾನು ಕೇಳುವುದಕ್ಕೆ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. ಹೋದ ತಿಂಗಳು ಹುಲ್ಲು ಇಡಲು ಬಂದಾಗ ಕಡ್ಲೆ ನಿಮ್ಮ ಬಾಗಿಲ ಬಳಿ ಕೂತಿತ್ತು, ಗೇಟಿನಿಂದಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದೆ. ಮೊನ್ನೆ ಮೊಲ ನೋಡಬೇಕು ಅಂತ ಹಟ ಮಾಡಿದಳು, ತೋರಿಸಿದೆ. ತುಂಬ ಹೊತ್ತು ನೋಡಿದಳು. "ಈ ಕೆಂಪು ನೆಲಕ್ಕೆ ಕಪ್ಪು ಅಂಚು ಹಾಕ್ಸಿದ್ದು ನಮ್ಮಪ್ಪ" ಅಂದಳು. ಆಮೇಲೆ ನನ್ನ ಕಡೆ ಮುಖ ಮಾಡಲಿಲ್ಲ.

ಮಾರನೆಯ ದಿನ ನಿಮ್ಮ ಮಾತು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಆರು ವರ್ಷ ಚೆನ್ನಾಗಿದ್ದೆ, ಆಗ ಬರಲಿಲ್ಲ. ಈಗ ಕಾಯಿಲೆ ಬಿದ್ದಿದೀನಿ ಅಂತ ಬರೋದು ಬೇಡ."

ನಾನು ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಕಡ್ಲೆ ಟ್ರೇನಲ್ಲಿ ಹೋಗ್ತಿದ್ಯಾ?"

ಇತಿ,
ವಸಂತ್


ಕೃಷ್ಣಮೂರ್ತಿಪುರಂ
೪ ಆಗಸ್ಟ್ ೨೦೨೪

ವಸಂತ್ ಅವರಿಗೆ,

ಅವಳ ಮಾತು ತಲುಪಿತು. ಅದರಲ್ಲಿ ತಪ್ಪಿಲ್ಲ. ನಾನು ಬರುವುದಿಲ್ಲ.

ಅವಳು ಕೇಳಿದ್ದಕ್ಕೆ ಉತ್ತರ: ಹೋಗುತ್ತಿದೆ. ಹಿಕ್ಕೆ ಪೂರ್ತಿ ಟ್ರೇಯಲ್ಲೇ. ಕೋಣೆಯ ಬಾಗಿಲು ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ ತೆರೆದಿಟ್ಟೆ. ನಡುಮನೆಗೆ ಬಂದು ಆಡಿ, ಅವಸರವಾದಾಗ ಕಿಟಕಿಯ ಮೂಲೆಗೇ ಓಡುತ್ತದೆ. ಆದರೆ ಬಾಗಿಲುಗಳಿಗೆಲ್ಲ ಉಚ್ಚೆ ಸಿಡಿಸುವುದು ಮಾತ್ರ ನಿಲ್ಲಲಿಲ್ಲ. ಪಶುವೈದ್ಯರನ್ನು ಕೇಳಿದೆ. ಗಂಡು, ಪ್ರಾಯಕ್ಕೆ ಬಂದಿದೆ, ಬೀಜ ತೆಗೆಸಿದರೆ ನಿಲ್ಲುತ್ತದೆ ಎಂದರು. ಮತ್ತಿನ ಔಷಧಿ ಮೊಲಗಳಿಗೆ ಕೆಲವು ಸಲ ತಡೆಯುವುದಿಲ್ಲ ಎಂದೂ ಹೇಳಿದರು. ನಿಮ್ಮನ್ನು ಕೇಳಬೇಕಿತ್ತು. ನೀವಿದ್ದ ಸ್ಥಿತಿಯಲ್ಲಿ ಕೇಳಲಿಲ್ಲ. ನಾನೇ ನಿರ್ಧರಿಸಿದೆ.

ಹೋದ ಮಂಗಳವಾರ ಆಟೋದಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಲ್ಲಿದ್ದ ಹುಡುಗಿ ಫಾರಂ ತುಂಬಿಸುತ್ತಾ "ಪ್ರಾಣಿ ನಿಮ್ಮದಾ ಅಮ್ಮಾ?" ಎಂದಳು.

"ಅಲ್ಲ, ನನ್ನ ಮಗಳದು."

"ಹಾಗಾದ್ರೆ ಅವರ ಹೆಸರು ಹೇಳಿ. ಪೂರ್ತಿ ಹೆಸರು."

"ಸಮನ್ವಿತಾ ವಸಂತ್" ಎಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹುಡುಗಿ ಬರೆದುಕೊಂಡಳು.

ಎರಡು ಗಂಟೆ ಹೊರಗೆ ಕೂತಿದ್ದೆ. ಬಾಗಿಲಿನ ಆಚೆ ಒಂದು ಜೀವ ಮಲಗಿರುವಾಗ ಈಚೆ ಕೂರುವುದು ಎಂದರೆ ಏನೆಂದು ತಿಳಿಯಿತು. ನೀವು ಎರಡು ತಿಂಗಳಿಂದ ಕೂತಿದ್ದೀರಿ.

ಬದುಕಿದೆ. ಮಾರನೆಯ ದಿನದಿಂದಲೇ ಹುಲ್ಲು ತಿನ್ನುತ್ತಿದೆ.

ಇನ್ನು ಮೇಲೆ ಹುಲ್ಲನ್ನು ಗೇಟಿನ ಹೊರಗೆ ಇಡಬೇಡಿ. ಒಳಗೆ ಬಂದು ಕೊಡಿ. ಗೇಟಿಗೆ ಬೀಗ ಹಾಕಿರುವುದಿಲ್ಲ.

ಚೂಡಾಮಣಿ


ಸರಸ್ವತಿಪುರಂ
೨೨ ಸೆಪ್ಟೆಂಬರ್ ೨೦೨೪

ಅಮ್ಮ,

ನಾನು ಸಮನ್ವಿತಾ. ಕೈ ನಡುಗುತ್ತೆ, ಅಕ್ಷರ ನೋಡಿ ನಗಬೇಡ.

ಮನೆಗೆ ಬಂದಿದ್ದೇನೆ. ಮೊದಲ ಸುತ್ತಿನ ಔಷಧಿಗೆ ಕಾಯಿಲೆ ತಗ್ಗಿದೆ ಅಂದರು. ಹೋದ ತಿಂಗಳು ಇನ್ನೊಂದು ಸುತ್ತು ಆಯಿತು, ಇನ್ನೂ ಎರಡು ಇದೆ. ಆಮೇಲೇನು ಅಂತ ಯಾರೂ ಖಂಡಿತವಾಗಿ ಹೇಳುವುದಿಲ್ಲ, ನಾನೂ ಕೇಳುವುದು ಬಿಟ್ಟಿದ್ದೇನೆ. ತಲೆಯಲ್ಲಿ ಕೂದಲಿಲ್ಲ. ಅತ್ತೆ ತಮ್ಮ ಹಳೇ ಹತ್ತಿಸೀರೆ ಹರಿದು ತಲೆಗೆ ಕಟ್ಟುತ್ತಾರೆ, ಅದೊಂದೇ ಚುಚ್ಚುವುದಿಲ್ಲ.

ನೀನು ವಸಂತ್‌ಗೆ ಬರೆದ ಕಾಗದಗಳನ್ನೆಲ್ಲ ಕೊಡಿಸಿಕೊಂಡು ಓದಿದೆ. ಕಡ್ಲೆಯನ್ನು ಬದುಕಿಸಿದ್ದಕ್ಕೆ, ಕಲಿಸಿದ್ದಕ್ಕೆ ಋಣಿ. ವಸಂತ್ ಈಗ ಜಗಲಿ ಹತ್ತಿ ಬರುತ್ತಾರಂತೆ, ಅಂಬುಜತ್ತೆ ಕಾಫಿ ಕೊಟ್ಟರಂತೆ. ಕೇಳಿ ಸಂತೋಷವಾಯಿತು ಅಂತ ಬರೆಯೋಣ ಅಂದುಕೊಂಡೆ. ಆದರೆ ನನಗೆ ಮೊದಲು ಬಂದದ್ದು ಸಿಟ್ಟು.

ನೀನು ಬರಬಹುದೇ ಅಂತ ಕೇಳಿದ್ದೆ. ಬರುವುದಕ್ಕೆ ಮೊದಲು ಒಂದು ಕೆಲಸ ಇದೆ. ನಮ್ಮ ಮದುವೆಗೆ ಕರೆಯಲು ಅತ್ತೆ ತಟ್ಟೆಯಲ್ಲಿ ಎಲೆಅಡಿಕೆ, ಹೂವು ಇಟ್ಟುಕೊಂಡು ನಿನ್ನ ಮನೆಗೆ ಬಂದರು. ನೀನು ಗೇಟು ತೆಗೆಯಲಿಲ್ಲ. "ಏನಿದ್ದರೂ ಅಲ್ಲಿಂದಲೇ ಹೇಳಿ" ಅಂದೆ. ನಮ್ಮ ಜಾತಿ ಯಾವುದು, ಅವರ ಜಾತಿ ಯಾವುದು ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಬಿಸಿಲಲ್ಲಿ ನಿಂತು ಕೇಳಿಸಿಕೊಂಡು ಅವರು ಹೋದರು. ಹೋದ ಮೇಲೆ ಅವರು ನಿಂತಿದ್ದ ಜಾಗಕ್ಕೆ ನೀನು ಎರಡು ಬಿಂದಿಗೆ ನೀರು ಹಾಕಿಸಿದೆ. ನಾನು ಕಿಟಕಿಯಲ್ಲಿದ್ದೆ. ಆ ಸಂಜೆಯೇ ಮನೆ ಬಿಟ್ಟೆ. ಯಾಕೆ ಅಂತ ನಿನಗೆ ಗೊತ್ತಿತ್ತು ಅಂದುಕೊಂಡಿದ್ದೇನೆ.

ನೀರು ಹಾಕಿಸಿದ್ದು ಅತ್ತೆಗೆ ಗೊತ್ತಿಲ್ಲ. ವಸಂತ್‌ಗೂ ನಾನು ಹೇಳಿಲ್ಲ. ನಮ್ಮಮ್ಮ ಹೀಗೆ ಮಾಡಿದಳು ಅಂತ ಹೇಳಲು ನಾಲಿಗೆ ಏಳಲಿಲ್ಲ.

ಇವತ್ತು ನೀನು ಮೊಲದ ಉಚ್ಚೆಯನ್ನು ಕೈಯಾರೆ ಒರೆಸುತ್ತಿದ್ದೀಯ.

ಅತ್ತೆಯ ಹತ್ತಿರ ಹೋಗು. ಎಲ್ಲ ಹೇಳು, ನೀರಿನದನ್ನೂ. ಆಮೇಲೆ ನೋಡೋಣ.

ಸಮನ್ವಿತಾ


ಕೃಷ್ಣಮೂರ್ತಿಪುರಂ
೩೦ ಸೆಪ್ಟೆಂಬರ್ ೨೦೨೪, ಸೋಮವಾರ

ಮಗಳೇ,

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ಸುಮ್ಮನಿದ್ದೆ. ಪಿತೃಪಕ್ಷ ಮುಗಿಯಲಿ, ಈಗ ಹೊರಡುವುದು ಬೇಡ ಎಂದು ನೆಪ ಹೇಳಿಕೊಂಡೆ. ಅಂಬುಜಮ್ಮ, "ಹೋಗೋದು ತಪ್ಪೊಪ್ಪಿಕೊಳ್ಳೋಕೆ. ಅದಕ್ಕೆ ಮುಹೂರ್ತ ಬೇರೆ ನೋಡ್ಬೇಕೇನೇ?" ಎಂದರು. ನಿನ್ನೆ ಬೆಳಿಗ್ಗೆ ಹೊರಟೆ.

ನಿಮ್ಮತ್ತೆಯ ಮನೆಯಿರುವ ಲಷ್ಕರ್ ಮೊಹಲ್ಲಾದ ಆ ಗಲ್ಲಿಗೆ ಆಟೋ ಹೋಗುವುದಿಲ್ಲ. ದಸರೆಗೆ ದೀಪ ಕಟ್ಟುವವರು ಏಣಿಗಳನ್ನು ಅಡ್ಡ ಹಾಕಿಕೊಂಡಿದ್ದರು. ಕೇಳಿಕೊಂಡು ನಡೆದೆ. ಬಾಗಿಲು ತೆರೆದಿತ್ತು. ನಿಮ್ಮತ್ತೆ ನೆಲದ ಮೇಲೆ ಮೊರ ಇಟ್ಟುಕೊಂಡು ದಂಟಿನಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿದರು. ಹೆಸರು ಹೇಳುವ ಅಗತ್ಯ ಬೀಳಲಿಲ್ಲ.

"ಒಳೀಕ್ ಬನ್ನಿ" ಎಂದರು.

"ಇಲ್ಲಿ ನಿಂತೇ ಹೇಳ್ತೀನಿ. ಅವತ್ತು ನಿಮ್ಮನ್ನೂ ನಿಲ್ಲಿಸಿದ್ದೆ" ಎಂದೆ.

"ನಿಂತ್ಕಂಡ್ ಯೋಳೋ ಮಾತಾದ್ರೆ ನಂಗೆ ಬ್ಯಾಡ ಕಣ್ರಮ್ಮ. ಬಂದು ಕೂತ್ಕಳಿ."

ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ನಿಮ್ಮಿಬ್ಬರ ಮದುವೆಯ ಫೋಟೋ. ಆ ಫೋಟೋ ನಾನು ನೋಡಿರಲೇ ಇಲ್ಲ. ನೀನು ಹೇಳಿದ್ದನ್ನೆಲ್ಲ ಹೇಳಿದೆ. ಗೇಟು ತೆಗೆಯದೇ ಇದ್ದದ್ದು, ಅಂದ ಮಾತು. ಕೊನೆಗೆ, "ನೀವು ಹೋದ ಮೇಲೆ ಇನ್ನೊಂದು ಮಾಡಿದೆ" ಎಂದು ಶುರು ಮಾಡಿದೆ.

ಅವರ ಕೈ ನಿಂತಿತು. "ನೀರ್ ಹಾಕ್ಸಿದ್ರಿ" ಎಂದರು.

ನಾನು ಅವರ ಮುಖ ನೋಡಿದೆ.

"ಛತ್ರಿ ಮರ್ತು ನಿಮ್ ಗೇಟಿಗೇ ಸಿಗಾಕ್ ಬಂದ್ಬುಟ್ಟಿದ್ದೆ. ತಕ್ಕಳಣ ಅಂತ ತಿರಿಕ್ಕಂಡ್ ಬಂದೆ. ಮೂಲೇಲಿ ನಿಂತು ನೋಡ್ದೆ. ಛತ್ರಿ ಅಲ್ಲೇ ಬುಟ್ಟು ಒಂಟೋದೆ."

"ಅವಳಿಗೆ ಹೇಳಲಿಲ್ಲವೇ?"

"ಯಾರ್ಗೂ ಯೋಳ್ನಿಲ್ಲ. ಮಗಂಗೂ ಯೋಳ್ನಿಲ್ಲ. ಯೋಳಿದ್ರೆ ಆ ಹೆಣ್ಮಗ ನನ್ ಮನೇಲಿ ಎಂಗೆ ತಲೆ ಎತ್ಕಂಡು ಓಡಾಡ್ತಿತ್ತು? ನಾಚ್ಕೇಲೇ ಸಾಯ್ತಿತ್ತು. ಅವ್ಳು ಬಂದಿದ್ದು ನಮ್ಮನ್ನ ನಂಬ್ಕಂಡು."

ನೀನು ಅವರಿಂದ ಮುಚ್ಚಿಟ್ಟೆ, ಅವರು ನಿನ್ನಿಂದ ಮುಚ್ಚಿಟ್ಟರು. ಆರು ವರ್ಷ ಒಬ್ಬರಿಗೊಬ್ಬರು ನೋವಾಗದಿರಲೆಂದು ಕಾಯ್ದಿರಿ. ಕಾಯಬೇಕಾಗಿ ಬಂದದ್ದು ನನ್ನಿಂದ. ಇದನ್ನು ನಿನಗೆ ಬರೆಯಲೇ ಎಂದು ಅವರನ್ನೇ ಕೇಳಿದೆ. "ಬರೀರಿ, ಇನ್ಯಾಕ್ ಮುಚ್ಚಾಕದು" ಎಂದರು.

ನನಗೆ ಅಳು ಬಂತು. ನಿಮ್ಮಪ್ಪ ಹೋದಾಗಲೂ ಬೇರೆಯವರ ಎದುರಿಗೆ ಅತ್ತವಳಲ್ಲ. ಅವರು ಸಮಾಧಾನ ಮಾಡಲು ಬರಲಿಲ್ಲ. ಅಳು ನಿಲ್ಲುವ ತನಕ ಸೊಪ್ಪು ಬಿಡಿಸುತ್ತಿದ್ದರು. ಕ್ಷಮಿಸಿ ಎಂದೆ. "ಚಮೆ ಕೊಟ್ಟೆ ಅಂತ ಬಾಯ್ಮಾತ್ಗೆ ಅನ್ಬೋದು. ಸುಳ್ಳಾಯ್ತದೆ. ಆ ನೀರು ಇನ್ನೂ ನನ್ ಕಣ್ಣಾಗದೆ" ಎಂದರು. ಅವರು ಹೇಳಿದ್ದೇ ನ್ಯಾಯ. ಇದಕ್ಕಿಂತ ಹೆಚ್ಚಿನದನ್ನು ಅವರಿಂದ ತಂದೆ ಎಂದು ನಿನಗೆ ಬರೆಯಲಾರೆ.

ಆಮೇಲೆ ಮೊರವನ್ನು ನನ್ನ ಕಡೆಗೆ ತಳ್ಳಿದರು. "ಸುಮ್ಕೆ ಕೂರ್ಬ್ಯಾಡಿ. ಎಳೇದು ಮಾತ್ರ ಬುಡಿಸಿ, ನಾರು ಇದ್ರೆ ಮಗಿಗೆ ಗಂಟ್ಲಲ್ಲಿ ಇಳಿಯಕಿಲ್ಲ" ಎಂದು ಒಲೆ ಹಚ್ಚಲು ಎದ್ದರು. ನಾನು ಸೊಪ್ಪು ಬಿಡಿಸಿದೆ. ಎರಡು ಸಲ ನೋಡಿ, ಬಲಿತದ್ದನ್ನು ತೆಗೆದು ಹಾಕಿದರು.

ಗುರುವಾರ ಅವರು ನಿನಗೆ ಊಟ ತರುವಾಗ ನನ್ನನ್ನೂ ಜೊತೆಗೆ ಬರಲು ಹೇಳಿದ್ದಾರೆ. ಕೈಯನ್ನು ಮೊಣಕೈ ತನಕ ಸೋಪು ಹಾಕಿ ತೊಳೆಯಬೇಕು, ಮಾಸ್ಕ್ ಹಾಕಬೇಕು, ಮೊಲ ಮುಟ್ಟಿದ ಸೀರೆಯಲ್ಲಿ ಬರಕೂಡದು ಎಂದೆಲ್ಲ ಹೇಳಿಕೊಟ್ಟಿದ್ದಾರೆ. ನಿನಗೆ ಬೇಡವಾದರೆ ಅವರಿಗೆ ಹೇಳು, ನಾನು ಕೆಳಗೆ ಆಟೋದಲ್ಲೇ ಕೂತಿರುತ್ತೇನೆ. ಅವರು ಖಾಲಿ ಡಬ್ಬಿ ತೆಗೆದುಕೊಂಡು ಇಳಿದು ಬಂದಾಗ, ನೀನು ಎಷ್ಟು ತುತ್ತು ಉಂಡೆ ಎಂದಾದರೂ ಹೇಳುತ್ತಾರೆ.

ನಿನ್ನ,
ಅಮ್ಮ